ನಾಲ್ಕನೇ ನಂಬರಿನ ಊಟ

ಜನವರಿ ೬, ಸೋಮವಾರ

ಇದೊಂದನ್ನು ಇಲ್ಲಿ ಕೂಡ ಬರೆಯದೆ ಬಿಡುವವಳಿದ್ದೆ. ಕ್ರಿಸ್‌ಮಸ್ ದಿನ ಊಟದ ಹೊತ್ತಿಗೆ ಟರ್ಕಿ ಕೋಳಿಯ ಒಂದು ತುಂಡು ನನ್ನೊಳಗೆ ನಿಂತುಬಿಟ್ಟಿತು. ಗಂಟಲಲ್ಲಲ್ಲ, ಇನ್ನೂ ಕೆಳಗೆ, ಎದೆಮೂಳೆಯ ಹಿಂದೆ. ಉಸಿರಿಗೆ ತೊಂದರೆಯಿರಲಿಲ್ಲ. ನೀರು ಕುಡಿದೆ, ನೀರೂ ಅದರ ಮೇಲೆ ನಿಂತಿತು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಇಪ್ಪತ್ತು ನಿಮಿಷ ಕೂತಿದ್ದೆ. ಆಮೇಲೆ ತಾನಾಗಿಯೇ ಇಳಿಯಿತು. ಹೊರಗೆ ಬಂದರೆ ನನ್ನ ಗಂಡ ಗೆಥಿನ್, "ನಿನ್ನ ಪಾಲಿನ ಪುಡಿಂಗ್ ನಾನೇ ತಿಂದುಬಿಟ್ಟೆ ಕಣೇ. ಜೀವ ತಡೀಲಿಲ್ಲ," ಅಂದ. ನಾನು ನಕ್ಕೆ.

ಒಂದೇ ಸಲ ಆದದ್ದು. ಟರ್ಕಿ ಒಣಗಿತ್ತು. ಅಡುಗೆ ಮಾಡಿದವಳು ನಾನೇ, ಹಾಗಾಗಿ ಇದನ್ನು ಹೇಳುವ ಹಕ್ಕು ನನಗಿದೆ.

ಬರೆಯಲು ಕೂತದ್ದಕ್ಕೆ ಕಾರಣ ಇವತ್ತು ಬಂದ ಆಸ್ಪತ್ರೆಯ ಕಾಗದ. ಹನ್ನೆರಡು ವರ್ಷದ ಎದೆಯುರಿ, ಹನ್ನೆರಡು ವರ್ಷದ ಮಾತ್ರೆ, ಬಗ್ಗಿ ಒಲೆಯಿಂದ ತಟ್ಟೆ ತೆಗೆದರೆ ಬಾಯಿಗೆ ನುಗ್ಗುವ ಹುಳಿ. ಎರಡು ವರ್ಷದಿಂದ ಕಾಯುವವರ ಪಟ್ಟಿಯಲ್ಲಿದ್ದೆ. ಕೊನೆಗೂ ನನ್ನ ಸರದಿ ಬಂದಿದೆ. ಹದಿನಾಲ್ಕಕ್ಕೆ ಸರ್ಜನ್ ನೋಡುತ್ತಾರಂತೆ.

ಮಂಚದ ತಲೆಗಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಮಲಗಿ ಮೂರು ವರ್ಷವಾಯಿತು. "ಆಪರೇಷನ್ ಆದ್ಮೇಲೆ ಇಟ್ಟಿಗೆ ತೆಗೀತೀಯ ತಾನೇ?" ಎಂದು ಗೆಥಿನ್ ಕೇಳಿದ. "ದಿನಾ ಬೆಳಗಾಗೋ ಹೊತ್ತಿಗೆ ಅರ್ಧ ಸಮುದ್ರ ದಾಟಿ ಐರ್ಲೆಂಡ್ ಕಡೆ ಜಾರಿರ್ತೀನಿ ನಾನು."

ಜನವರಿ ೧೪, ಮಂಗಳವಾರ

ಸರ್ಜನ್ ಮಿಸ್ ಆಷ್ಟನ್ ನನಗಿಂತ ಚಿಕ್ಕವರು. ಕೈ ಒರೆಸುವ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೊಟ್ಟೆ ಒಂದು ಚೀಲ, ಅನ್ನನಾಳ ಅದರ ಬಾಯಿ. ಬಾಯಿ ಸಡಿಲವಾಗಿದೆ, ಒಳಗಿನದು ಮೇಲೆ ಬರುತ್ತದೆ. ದಾರಿ ಮೂರು. ಗಂಟಲ ಮೂಲಕವೇ ಕೊಳವೆ ಇಳಿಸಿ, ಒಳಗಿನಿಂದಲೇ ಮಡಿಕೆ ಹಾಕಿ ಬಿಗಿಯುವುದು. ಹೊರಗೆ ಗಾಯವೇ ಇಲ್ಲ. ಎರಡನೆಯದು, ಹೊಟ್ಟೆಗೆ ಐದು ಸಣ್ಣ ತೂತು ಕೊರೆದು, ಚೀಲದ ಮೇಲ್ತುದಿಯನ್ನು ನಾಳಕ್ಕೆ ಶಾಲಿನಂತೆ ಸುತ್ತಿ ಹೊಲಿಯುವುದು. ಮೂರನೆಯದು, ಅದೇ ಐದು ತೂತುಗಳಿಂದ ಅಯಸ್ಕಾಂತದ ಮಣಿಗಳ ಬಳೆಯೊಂದನ್ನು ನಾಳಕ್ಕೆ ತೊಡಿಸುವುದು. ತುತ್ತು ಬಂದಾಗ ಮಣಿಗಳು ದೂರ ಸರಿದು ದಾರಿ ಬಿಡುತ್ತವೆ, ಆಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ನನಗೆ ಬಳೆ ಒಪ್ಪುತ್ತದೆಯಂತೆ. ಮಾರನೆಯ ದಿನವೇ ಮನೆಗೆ.

ಬಳೆ ಎಂದ ಕೂಡಲೇ ಸಮಾಧಾನಕ್ಕೆ ನನ್ನ ಕಣ್ಣು ತುಂಬಿತು. ಅವರು ನೋವಿನ ಹೆದರಿಕೆ ಎಂದುಕೊಂಡರು. ಅಪ್ಪನನ್ನು ಪಕ್ಕೆಯಿಂದ ಹೊಕ್ಕುಳವರೆಗೆ ಕೊಯ್ದಿದ್ದರು. ಅನ್ನನಾಳದ ಕ್ಯಾನ್ಸರ್. ಆಮೇಲಿನ ಏಳು ತಿಂಗಳು ಹೊಟ್ಟೆಗೆ ಚುಚ್ಚಿದ ಕೊಳವೆಯಲ್ಲೇ ಅವರ ಊಟ. ಅದನ್ನು ತುಂಬುತ್ತಿದ್ದವಳು ನಾನು. ಐದು ಸಣ್ಣ ತೂತು ಎಂಬ ಮಾತನ್ನು ನಾನು ಎರಡು ವರ್ಷದಿಂದ ಮಂತ್ರದ ಹಾಗೆ ಹೇಳಿಕೊಂಡು ಬಂದಿದ್ದೇನೆ.

"ತಿಂದದ್ದು ಸರಾಗವಾಗಿ ಇಳಿಯುತ್ತಾ?" ಎಂದು ಕೇಳಿದರು.

"ಇಳಿಯುತ್ತೆ."

"ಎಲ್ಲೂ ಸಿಕ್ಕಿಕೊಳ್ಳಲ್ಲ ತಾನೇ? ಹಾಗೇನಾದರೂ ಇದ್ದರೆ ಬಳೆ ಹಾಕೋ ಹಾಗಿಲ್ಲ ನೋಡಿ. ಮೊದಲು ಮತ್ತೆ ಕ್ಯಾಮೆರಾ ಇಳಿಸಿ ನೋಡಬೇಕಾಗುತ್ತೆ."

"ಇಲ್ಲ," ಎಂದೆ. ಟರ್ಕಿಯ ಕೆಲಸ ಅದು ಎಂದುಕೊಂಡೇ ಹೇಳಿದೆ. ಸುಳ್ಳು ಹೇಳಿದೆನೇ? ಒಂದು ಸಲ ಆದದ್ದು 'ಇರುವುದು' ಆಗುತ್ತದೆಯೇ?

ತೂಕ ನೋಡಿದರು. ಎಪ್ಪತ್ತೊಂದು ಕಿಲೊ. ಮಾರ್ಚ್ ಇಪ್ಪತ್ತಕ್ಕೆ ದಿನ ಗೊತ್ತಾಯಿತು.

ಜನವರಿ ೨೩, ಗುರುವಾರ

ನಾನು ಅಡುಗೆ ಮಾಡುವ ವೃದ್ಧಾಶ್ರಮದಲ್ಲಿ ಇವತ್ತು ಮಿಸ್ ಬೈನನ್ ಜೊತೆ ಜಗಳ. ಅವರಿಗೆ ಎಂಬತ್ತಾರು. ಬೀದಿಯಾಚೆಯ ವೆಲ್ಷ್ ಭಾಷೆಯ ಶಾಲೆಗೆ ಮೂವತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಈಗ ಬಲಗೈ ಬಿದ್ದುಹೋಗಿದೆ, ನಾಲಗೆ ಎಳೆಯುತ್ತದೆ, ನುಂಗುವುದನ್ನು ನಂಬುವಂತಿಲ್ಲ. ನಾನು ಓದಿದ್ದು ಈಚೆಯ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಅಪ್ಪನ ಹಟ. ಮಿಸ್ ಬೈನನ್ ವೆಲ್ಷ್‌ನಲ್ಲಿ ಕೇಳುತ್ತಾರೆ, ನಾನು ಇಂಗ್ಲಿಷ್‌ನಲ್ಲಿ ಹೇಳುತ್ತೇನೆ, ಇಬ್ಬರಿಗೂ ತಿಳಿಯುತ್ತದೆ. ಆದರೂ ಅವರ ಬಾಯಲ್ಲಿ ನಾನು ಯಾವಾಗಲೂ 'ಆಚೆ ಸ್ಕೂಲಿನವಳು'.

ಬಡಿಸುವ ಕಿಂಡಿಯ ಪಕ್ಕದ ಹಲಗೆಯಲ್ಲಿ ಹದಿನೆಂಟು ಜನರ ಹೆಸರಿನ ಚೀಟಿಗಳಿವೆ, ಪ್ರತಿ ಹೆಸರಿನ ಮುಂದೆ ಒಂದು ಅಂಕಿ. ಏಳು ಎಂದರೆ ಎಲ್ಲರೂ ತಿನ್ನುವ ಊಟ. ಆರು ಎಂದರೆ ಮೆತ್ತಗಿನ ಸಣ್ಣ ತುಂಡು. ಐದು, ಕೊಚ್ಚಿದ್ದು. ನಾಲ್ಕು, ರುಬ್ಬಿ ಜರಡಿ ಹಿಡಿದದ್ದು. ಮೂರಕ್ಕೆ ಇಳಿದರೆ ಅದು ಗಟ್ಟಿ ಗಂಜಿ, ಸೊನ್ನೆಗೆ ಇಳಿದರೆ ಬರೀ ನೀರು. ನನ್ನ ಕೆಲಸವೆಲ್ಲ ಆ ಅಂಕಿಗಳ ನಡುವೆ. ಮಿಸ್ ಬೈನನ್ ಅವರದು ನಾಲ್ಕು.

"ದ್ರಾಕ್ಷಿ ಹಾಕಿದ ಆ ಕೇಕಿಂದ ಒಂದು ಚೂರು," ಅಂದರು. "ಬೆರಳುಗುರಿನಷ್ಟು."

"ಚೀಟಿಯಲ್ಲಿ ನಾಲ್ಕು ಅಂತಿದೆ ಮಿಸ್ ಬೈನನ್."

"ಚೀಟಿಗೆ ಹಸಿವಾಗಲ್ಲ ಕಣೇ."

"ಉಸಿರಿನ ದಾರಿಗೆ ಹೋದರೆ ನೀವು ಸಾಯ್ತೀರಿ."

"ನೀನು ರುಬ್ಬಿದ ಕೋಸು ತಿಂದೂ ಸಾಯ್ತೀನಿ. ನಿಧಾನಕ್ಕೆ, ಅಷ್ಟೇ." ಆಮೇಲೆ ವೆಲ್ಷ್‌ನಲ್ಲಿ ಏನೋ ಶಪಿಸಿದರು. ಅದೊಂದು ನನಗೆ ತಿಳಿಯಲಿಲ್ಲ, ಪಕ್ಕದ ಮೇಜಿನವರೆಲ್ಲ ನಕ್ಕರು.

ಕೊಡಲಿಲ್ಲ. ಮೂವತ್ತು ಸಲ ಕೇಳಿದರೂ ಕೊಡುವುದಿಲ್ಲ. ಕರುಣೆ ತೋರಿಸಿ ಕೊಲ್ಲುವುದಕ್ಕಿಂತ ಕಲ್ಲುಮನಸ್ಸಿನವಳು ಅನ್ನಿಸಿಕೊಳ್ಳುವುದು ಮೇಲು.

ಮನೆಯಲ್ಲಿ ಬ್ರೆಡ್ಡಿನ ಅಂಚು ಕತ್ತರಿಸಿ ತಿನ್ನುತ್ತಿದ್ದೇನೆ. ಒಳಗಿನ ಮೆತ್ತಗಿನದೇ ರುಚಿ. ಚಿಕ್ಕಂದಿನಲ್ಲೂ ನನಗೆ ಹಾಗೇ ಇಷ್ಟವಿತ್ತು, ಇರಬೇಕು.

ಫೆಬ್ರವರಿ ೨, ಭಾನುವಾರ

ಗೆಥಿನ್ ಶನಿವಾರ ಹುರಿದ ಮಾಂಸ ತಂದಿದ್ದ. ನಾನು ನನ್ನದನ್ನು ಚಿಕ್ಕದಾಗಿ ಕೊಚ್ಚಿ ಸಾರಿನಲ್ಲಿ ನೆನೆಸಿಕೊಂಡೆ. ಚೆನ್ನಾಗಿತ್ತು. ನಡುವೆ ಎದ್ದು ತಂತಿಯ ಮೇಲಿನ ಬಟ್ಟೆ ಒಣಗಿತೇ ಎಂದು ನೋಡಿ ಬಂದೆ.

ಆಪರೇಷನ್ ಮುಂಚಿನ ಫಾರಂ ಬಂದಿದೆ, ಯಾವತ್ತಿನಂತೆ ಒಂದು ಮಗ್ಗುಲು ವೆಲ್ಷ್, ಒಂದು ಮಗ್ಗುಲು ಇಂಗ್ಲಿಷ್, ಒಳಗೆ ಅಂಚೆಚೀಟಿ ಬೇಡದ ಲಕೋಟೆ. ಮಾರ್ಚ್ ಏಳರೊಳಗೆ ಅವರಿಗೆ ಸೇರಬೇಕು. 'ನಿಮಗೆ ಕೊನೆಯ ಸಲ ಕ್ಯಾಮೆರಾ ಪರೀಕ್ಷೆಯಾಗಿ ಹತ್ತೊಂಬತ್ತು ತಿಂಗಳಾಗಿದೆ. ಆನಂತರ ಈ ಕೆಳಗಿನವುಗಳಲ್ಲಿ ಏನಾದರೂ ಕಂಡುಬಂದಿದೆಯೇ? ತಿಂದದ್ದು ಸಿಕ್ಕಿಕೊಳ್ಳುವುದು. ಕಾರಣವಿಲ್ಲದೆ ತೂಕ ಇಳಿಯುವುದು.' ಇನ್ನೂ ಐದಾರು ಪ್ರಶ್ನೆಗಳಿವೆ.

ಎಲ್ಲಕ್ಕೂ 'ಇಲ್ಲ' ಎಂದು ಗುರುತು ಹಾಕಿದೆ. ಪೆನ್ಸಿಲ್‌ನಲ್ಲಿ. ಯಾಕೆ ಪೆನ್ಸಿಲ್ ಎಂದು ಕೇಳಿಕೊಂಡೆ. ಪೆನ್ ಅಡುಗೆಮನೆಯಲ್ಲಿತ್ತು, ಅದಕ್ಕೆ.

ಫೆಬ್ರವರಿ ೯, ಭಾನುವಾರ

ಇಟ್ಟಿಗೆಗೆ ಇನ್ನೂ ಒಂದು ಇಟ್ಟಿಗೆ ಸೇರಿಸಿದೆ. ಗೆಥಿನ್ ತಮಾಷೆ ಮಾಡಲಿಲ್ಲ.

ಅಪ್ಪನ ನೆನಪಾಯಿತು. ಊಟದ ನಡುವೆ ಎದ್ದು, "ನಾಯಿ ಯಾಕೋ ಬೊಗಳ್ತಿದೆ, ನೋಡಿ ಬರ್ತೀನಿ," ಎಂದು ಹೊರಗೆ ಹೋಗುತ್ತಿದ್ದರು. ನಾಯಿ ಬೊಗಳಿರುತ್ತಿರಲಿಲ್ಲ. ಕಿಟಕಿಯಿಂದ ನೋಡಿದರೆ ಎದೆಗೆ ಮುಷ್ಟಿ ಒತ್ತಿಕೊಂಡು ಗೋಡೆಗೆ ಮುಖಮಾಡಿ ನಿಂತಿರುತ್ತಿದ್ದರು. ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ವರ್ಷ ಮೂವರೂ ನಾಯಿಯ ಬಗ್ಗೆ ಮಾತಾಡಿದೆವು.

ಎಂಥ ಮೂರ್ಖರಿದ್ದೆವು.

ಫೆಬ್ರವರಿ ೧೭, ಸೋಮವಾರ

ಈಚೆಗೆ ಕೆಲಸದಲ್ಲೇ ಊಟ ಮುಗಿಸುತ್ತೇನೆ. ರುಬ್ಬಿದ್ದರಲ್ಲಿ ದಿನಾ ಒಂದು ಬಟ್ಟಲು ಮಿಗುತ್ತದೆ, ಚೆಲ್ಲುವುದು ಯಾಕೆ? ಕ್ಯಾರೆಟ್, ಆಲೂಗಡ್ಡೆ, ಮೀನು, ಮೂರನ್ನೂ ಬೇರೆ ಬೇರೆ ರುಬ್ಬಿ ಅಚ್ಚಿನಲ್ಲಿ ಒತ್ತಿ ಕ್ಯಾರೆಟ್‌ನಂತೆಯೇ, ಮೀನಿನಂತೆಯೇ ಕಾಣುವ ಹಾಗೆ ಮಾಡುತ್ತೇನೆ. ಇಷ್ಟು ವರ್ಷ ಇವರಿಗೆ ಬಡಿಸಿದ್ದೆ, ಕೂತು ತಿಂದಿರಲಿಲ್ಲ. ಉಪ್ಪು ಸಾಲದು. ಇನ್ನು ಮೇಲೆ ಹಾಕಬೇಕು.

ಉಂಗುರ ಹಿಟ್ಟಿನಲ್ಲಿ ಜಾರಿಬಿತ್ತು. ಮನೆಯ ಸಕ್ಕರೆ ಡಬ್ಬಿಯಲ್ಲಿಟ್ಟಿದ್ದೇನೆ. ಅಡುಗೆಯವರು ಉಂಗುರ ಹಾಕಲೇಬಾರದು, ಶುಚಿಯ ದೃಷ್ಟಿಯಿಂದ.

ಔಷಧದ ಅಂಗಡಿಯ ಹುಡುಗಿ, "ಎಷ್ಟು ಸಣ್ಣ ಆಗಿದ್ದೀರಾ ಮೈನಿರ್! ಗುಟ್ಟೇನು, ನಂಗೂ ಹೇಳಿ," ಅಂದಳು. ಮನೆಗೆ ಬರುವವರೆಗೆ ಖುಷಿಯಾಗಿತ್ತು.

ಫೆಬ್ರವರಿ ೨೬, ಬುಧವಾರ

ತಿಂಗಳ ತೂಕದ ದಿನ. ಎಲ್ಲರನ್ನೂ ತೂಕದ ಕುರ್ಚಿಯಲ್ಲಿ ಕೂರಿಸುವ ಮೊದಲು ಕುರ್ಚಿ ಸರಿಯಿದೆಯೇ ಎಂದು ನಾನೇ ಕೂತು ನೋಡಿದೆ. ಅರವತ್ತನಾಲ್ಕು ತೋರಿಸಿತು. ಕುರ್ಚಿ ಕೆಟ್ಟಿದೆ. ರಿಪೇರಿಗೆ ಬರೆದಿಟ್ಟೆ.

ಆಮೇಲೆ ಹದಿನೆಂಟೂ ಜನರ ತೂಕ ಹೋದ ತಿಂಗಳಷ್ಟೇ ಬಂತು.

ಮಾರ್ಚ್ ೧, ಶನಿವಾರ

ಇವತ್ತು ಸೇಂಟ್ ಡೇವಿಡ್ ಹಬ್ಬ. ನಾನು ಬರುವುದಕ್ಕೂ ಮೊದಲಿನಿಂದ ನಮ್ಮಲ್ಲಿ ಒಂದು ರೂಢಿ ಇದೆ. ಈ ದಿನ ಅಡುಗೆಯವಳು ಕಿಂಡಿಯ ಹಿಂದೆ ನಿಲ್ಲುವುದಿಲ್ಲ. ಏಪ್ರನ್ ಬಿಚ್ಚಿ, ಎದೆಗೆ ಡ್ಯಾಫೊಡಿಲ್ ಹೂ ಚುಚ್ಚಿಕೊಂಡು ಉದ್ದ ಮೇಜಿನ ತುದಿಯಲ್ಲಿ ಕೂರುತ್ತಾಳೆ. ಕುರಿಮಾಂಸ, ಲೀಕ್, ಆಲೂಗಡ್ಡೆ ಹಾಕಿ ಹಿಂದಿನ ದಿನವೇ ಕುದಿಸಿಟ್ಟ ಕಾವ್ಲ್ ಸಾರಿನ ಮೊದಲ ಬಟ್ಟಲು ಅವಳದು. ಅವಳು ಮೊದಲ ತುಂಡು ತಿಂದು ನುಂಗುವವರೆಗೆ ಯಾರೂ ಚಮಚ ಎತ್ತುವುದಿಲ್ಲ.

ನನಗೆ ಮರೆತಿತ್ತು ಎಂದು ಹೇಗೆ ಬರೆಯಲಿ? ಸಾರು ಕುದಿಸಿದವಳೇ ನಾನು.

ಹದಿನೆಂಟು ಜನ ನನ್ನ ಬಾಯಿ ನೋಡುತ್ತಿದ್ದರು. ಮೆತ್ತಗಿನ ಆಲೂಗಡ್ಡೆ ಹುಡುಕಿದೆ. "ಮಾಂಸ, ಮಾಂಸ!" ಎಂದು ಯಾರೋ ಮೇಜು ಬಡಿದರು. "ಬರೀ ಆಲೂಗಡ್ಡೆ ತಿಂದು ತಪ್ಪಿಸ್ಕೊಳ್ತಾಳೆ, ಹುಷಾರ್!" ಎಲ್ಲರೂ ನಕ್ಕರು. ಮಾಂಸದ ತುಂಡೊಂದನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದೆ. ನುಂಗಿದೆ. ಚಪ್ಪಾಳೆ. ಚಮಚಗಳ ಸದ್ದು.

ಅದು ಅಲ್ಲೇ ನಿಂತಿತ್ತು. ನಗುತ್ತಾ ಕೂತೆ. ಬಾಯಲ್ಲಿ ಜೊಲ್ಲು ತುಂಬತೊಡಗಿತು, ಅದನ್ನೂ ನುಂಗಲಾಗಲಿಲ್ಲ. ಬ್ರೆಡ್ ತರುತ್ತೇನೆ ಎಂದು ಸನ್ನೆ ಮಾಡಿ ಅಡುಗೆಮನೆಗೆ ಬಂದು ಸಿಂಕಿಗೆ ಬಾಗಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ತಲೆ ಎತ್ತಿದಾಗ ಕಿಂಡಿಯ ಆಚೆ ಗಾಲಿಕುರ್ಚಿಯಲ್ಲಿ ಮಿಸ್ ಬೈನನ್ ಇದ್ದರು. ಅವರ ಮೇಜು ಯಾವಾಗಲೂ ಕಿಂಡಿಯ ಎದುರಿಗೇ ಎಂಬುದು ಆಗ ಹೊಳೆಯಿತು.

"ಇಳೀತಾ?"

"ಏನು?"

"ಆಚೆ ಸ್ಕೂಲಿನವಳೇ, ಮೂವತ್ತು ವರ್ಷ ಮಕ್ಕಳ ಊಟದ ಮೇಜಿನ ತಲೇಲಿ ನಿಂತಿದ್ದೀನಿ. ಯಾರು ನುಂಗಿದ್ರು, ಯಾರು ಕೆನ್ನೆ ಒಳಗೆ ಇಟ್ಕೊಂಡ್ರು ಅಂತ ನನಗೆ ಹೇಳ್ಕೊಡಬೇಡ. ಎಷ್ಟು ದಿನ ಆಯ್ತು, ನನ್ನ ಊಟ ನೀನು ತಿನ್ನೋಕೆ ಶುರುಮಾಡಿ?"

"ರುಚಿ ನೋಡ್ತೀನಿ, ಅಷ್ಟೇ. ಅಡುಗೆಯವಳು ರುಚಿ ನೋಡಬೇಡ್ವಾ?"

"ಬಟ್ಟಲುಗಟ್ಟಲೇ? ಜನವರಿ ಕೊನೇಲಿ ಆ ಬ್ಲಡ್‌ವೆನ್ ಊಟ ತಿಂತಿದ್ದೆ, ಐದನೇ ನಂಬರಿಂದು. ಈಗ ನಂದು. ಮುಂದಿನ ತಿಂಗಳು ಯಾರದ್ದು? ಮೂರಕ್ಕೆ ಇಳಿದ ಟ್ವಿನೋಗ್ ಕ್ರಿಸ್‌ಮಸ್‌ಗೆ ಮೊದಲೇ ಸತ್ತ."

ಅಷ್ಟು ಮಾತಿಗೇ ಅವರಿಗೆ ದಣಿವಾಗಿ ತುಟಿಯಂಚಿನಿಂದ ಎಂಜಲು ಇಳಿಯುತ್ತಿತ್ತು. ನಾನು ಬಟ್ಟೆ ತಂದು ಒರೆಸಲು ಹೋದೆ. ಎಡಗೈಯಿಂದ ನನ್ನ ಮುಂಗೈ ಹಿಡಿದರು. ಬೆರಳುಗಳು ಮುಂಗೈಯನ್ನು ಸುತ್ತುವರಿದು ಒಂದಕ್ಕೊಂದು ತಾಗಿದವು.

"ಒಂದು ಚೂರು ಕೇಕ್ ಕೇಳಿದ್ದಕ್ಕೆ ಏನಂದೆ ನನಗೆ?"

"ಚೀಟಿಯಲ್ಲಿ ನಾಲ್ಕು ಅಂತಿದೆ ಅಂದೆ."

"ಸರಿಯಾಗೇ ಅಂದೆ. ನಾನು ನಿನ್ನನ್ನ ಶಪಿಸಿದೆ, ಆದರೂ ನೀನು ಅಂದಿದ್ದು ಸರಿ." ಕೈ ಬಿಟ್ಟರು. "ನಿನ್ನ ಚೀಟಿ ಯಾರು ಬರೀತಾರೆ?"

ಮಾರ್ಚ್ ೨, ಭಾನುವಾರ

ಬೆಳಿಗ್ಗೆ ಕೆಲಸಕ್ಕೆ ಹೋದಾಗ ಕಿಂಡಿಯ ಹಲಗೆಯ ಮೇಲೆ ಹತ್ತೊಂಬತ್ತನೆಯ ಚೀಟಿ ಇತ್ತು. ಎಡಗೈಯ ಸೊಟ್ಟ ಅಕ್ಷರ. ಮೈನಿರ್. ೪.

ತೆಗೆದು ಜೇಬಿಗೆ ಹಾಕಿಕೊಂಡೆ. ಮಿಸ್ ಬೈನನ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಗೆಥಿನ್ ಜೊತೆ ಊಟಕ್ಕೆ ಕೂತೆ. ಮೂರು ಚಮಚ ಸಾರು. ಎದ್ದೆ. "ಬಟ್ಟೆ ಒಣಗಿತಾ ನೋಡಿ ಬರ್ತೀನಿ."

"ಮೈನಿರ್," ಅಂದ. "ಮಳೆ ಬರ್ತಿದೆ. ಇವತ್ತು ಬಟ್ಟೆನೇ ಹಾಕಿಲ್ಲ ಕಣೇ."

ಬಾಗಿಲಲ್ಲಿ ನಿಂತಿದ್ದೆ. ಖಾಲಿ ತಂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಮುಷ್ಟಿ ಎಲ್ಲಿದೆ ಎಂದು ನೋಡಿಕೊಂಡೆ.

"ಎಷ್ಟು ದಿನದಿಂದ ಗೊತ್ತು ನಿನಗೆ?" ಎಂದು ಕೇಳಿದೆ.

"ನಾನು ಬಸ್ ಓಡಿಸೋನು. ಡಾಕ್ಟರಲ್ಲ," ಅಂದ. ಚಮಚ ಕೆಳಗಿಟ್ಟು, "ಉಂಗುರ ಸಕ್ಕರೆ ಡಬ್ಬೀಲಿ ಸಿಕ್ಕ ದಿನದಿಂದ. ಕೇಳಿದರೆ ನೀನು ಹೌದು ಅಂದುಬಿಡ್ತೀಯೇನೋ ಅಂತ ಹೆದರಿಕೆ ಆಯ್ತು," ಅಂದ.

ಹೇಳಿದೆ. ಸಿಕ್ಕಿಕೊಳ್ಳುತ್ತದೆ ಎಂದು ಬಾಯಿಬಿಟ್ಟು ಹೇಳಿದೆ. ಕ್ರಿಸ್‌ಮಸ್‌ನಿಂದ ಎಂದೆ.

"ಕ್ರಿಸ್‌ಮಸ್‌ನಿಂದಾನಾ?"

ಇಲ್ಲ. ಇಲ್ಲಿ ಮೊದಲ ಪುಟದಲ್ಲಿ ದೊಡ್ಡ ತಪ್ಪೊಪ್ಪಿಗೆಯಂತೆ ಬರೆದದ್ದೂ ಅರ್ಧವೇ. ಮೊದಲನೆಯ ಸಲ ಸೆಪ್ಟೆಂಬರಿನಲ್ಲಿ, ಒಂದು ಸೇಬಿನ ಹೋಳು, ಕೆಲಸದಿಂದ ಬರುವಾಗ, ಚಾಪೆಲ್ ಗೋಡೆಯ ಹತ್ತಿರ. ಅಕ್ಟೋಬರಿನಲ್ಲಿ ಎರಡು ಸಲ. ಯಾರೂ ಓದದ ಪುಸ್ತಕದಲ್ಲಿ ನಾನು ಯಾರಿಗೆ ಸುಳ್ಳು ಹೇಳುತ್ತಿದ್ದೆ?

ಗೆಥಿನ್ ಎದ್ದು ತಟ್ಟೆಗಳನ್ನು ತೊಳೆದ. ತೊಳೆದ ತಟ್ಟೆಗಳನ್ನೇ ಇನ್ನೊಮ್ಮೆ ತೊಳೆದ.

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಫಾರಂ ತೆಗೆದು ಪೆನ್ಸಿಲ್ ಗುರುತುಗಳನ್ನು ಅಳಿಸಿದೆ. ಕಾಗದ ಅಲ್ಲಲ್ಲಿ ತೆಳುವಾಗಿ, 'ಇಲ್ಲ' ಇದ್ದ ಜಾಗ ಇನ್ನೂ ಬೂದು ಬಣ್ಣವಾಗಿ ಕಾಣುತ್ತದೆ. ಕಾಣಲಿ.

ಪೆನ್ನಿನಿಂದ ತುಂಬಿದೆ. ತಿಂದದ್ದು ಸಿಕ್ಕಿಕೊಳ್ಳುತ್ತದೆ: ಹೌದು. ಯಾವಾಗಿನಿಂದ: ಸೆಪ್ಟೆಂಬರ್. ತೂಕ: ಎಪ್ಪತ್ತೊಂದರಿಂದ ಅರವತ್ತನಾಲ್ಕು. ಕುರ್ಚಿ ಕೆಟ್ಟಿರಲಿಲ್ಲ. ಮನೆಯವರಲ್ಲಿ ಯಾರಿಗಾದರೂ: ತಂದೆಗೆ. ಇನ್ನೇನಾದರೂ ತಿಳಿಸುವುದಿದ್ದರೆ ಎಂಬ ಖಾಲಿ ಜಾಗದಲ್ಲಿ ಬಹಳ ಬರೆಯಲು ಹೋಗಿ, ಕೊನೆಗೆ ಇಷ್ಟೇ ಬರೆದೆ: ನಾನು ವೃದ್ಧಾಶ್ರಮದಲ್ಲಿ ಅಡುಗೆ ಮಾಡುತ್ತೇನೆ. ಜನವರಿ ಮೊದಲಲ್ಲಿ ಆರನೇ ನಂಬರಿನ ಊಟ ತಿನ್ನುತ್ತಿದ್ದೆ. ಈಗ ನಾಲ್ಕು. ಜನವರಿ ಹದಿನಾಲ್ಕರಂದು ನೀವು ಕೇಳಿದಾಗ ಇಲ್ಲ ಎಂದದ್ದು ನಿಜವಲ್ಲ.

ಆಸ್ಪತ್ರೆಗೆ ಫೋನ್ ಕೂಡ ಮಾಡಿದೆ. ಪಟ್ಟಿ ನೋಡಿಕೊಳ್ಳುವ ಹೆಂಗಸು ಒಳ್ಳೆಯವಳು. "ಹಾಗಾದರೆ ಇಪ್ಪತ್ತನೇ ತಾರೀಕು ನಿಮ್ಮದಲ್ಲ ಅಂತಾನೇ ಅಂದುಕೊಳ್ಳಿ, ಮೈನಿರ್. ಕ್ಯಾಮೆರಾಕ್ಕೆ ಎರಡು ವಾರದೊಳಗೆ ಕರೀತೀವಿ. ಆದರೆ ನಿಮ್ಮ ಕೈಬರಹದ ಫಾರಂ ಬೇಕೇ ಬೇಕು, ಅದು ಬಂದ ಮೇಲೇನೇ ಸರ್ಜನ್ ನೋಡೋದು." ಎರಡು ವರ್ಷ ಕಾದದ್ದು ಎರಡು ವಾರಕ್ಕೆ ಇಳಿಯಿತು. ಅಷ್ಟು ಬೇಗ ಯಾರನ್ನು ಕರೆಯುತ್ತಾರೆಂದು ನನಗೆ ಗೊತ್ತು. ಅಪ್ಪನನ್ನು ಒಂಬತ್ತು ದಿನಕ್ಕೆ ಕರೆದಿದ್ದರು.

ಐದು ಸಣ್ಣ ತೂತು ಎಂದು ಇವತ್ತೂ ಹೇಳಿಕೊಳ್ಳಲು ನೋಡಿದೆ. ಮಾತು ಮುಂದೆ ಹೋಗಲಿಲ್ಲ.

ಸಂಜೆ ಬಡಿಸುವಾಗ ಚೀಟಿಯನ್ನು ಜೇಬಿನಿಂದ ತೆಗೆದು ಹಲಗೆಯ ಮೇಲೆ ಮತ್ತೆ ಅಂಟಿಸಿದೆ, ಮಿಸ್ ಬೈನನ್ ಚೀಟಿಯ ಕೆಳಗೆ. ನಮ್ಮಿಬ್ಬರ ಬಟ್ಟಲನ್ನೂ ಒಂದೇ ತಟ್ಟೆಯಲ್ಲಿಟ್ಟುಕೊಂಡು ಅವರ ಮೇಜಿಗೆ ಹೋಗಿ ಕೂತೆ. ಹಳದಿ, ಹಸಿರು, ಬಿಳಿ, ಮೂರು ಗುಡ್ಡೆ.

ಅವರು ಒಂದು ಚಮಚ ಬಾಯಿಗಿಟ್ಟು, "ಉಪ್ಪು ಹಾಕಿದ್ದೀಯ," ಅಂದರು.

"ಹದಿನೇಳನೇ ತಾರೀಕಿಂದ ಹಾಕ್ತಿದ್ದೀನಿ."

"ಗೊತ್ತು. ಅವತ್ತೇ ತಿಳೀತು ನನಗೆ."

ಅವರು ನನಗಿಂತ ಮೊದಲು ತಿಂದು ಮುಗಿಸಿದರು.

ಲಕೋಟೆ ಬಾಗಿಲ ಪಕ್ಕದ ಕಪಾಟಿನ ಮೇಲಿದೆ. ಗೆಥಿನ್ ತಾನು ಹಾಕಿಬರುತ್ತೇನೆ ಅಂದ, ಬೇಡ ಅಂದೆ. ಇವತ್ತಿನ ಅಂಚೆ ಹೋಗಿಯಾಯಿತು. ಚಾಪೆಲ್ ಗೋಡೆಯ ಪಕ್ಕದ ಕೆಂಪು ಪೆಟ್ಟಿಗೆಯನ್ನು ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುತ್ತಾರೆ, ನಾನು ಕೆಲಸಕ್ಕೆ ಹೋಗುವ ದಾರಿ ಅದೇ. ಇಲ್ಲಿ ಬರೆದಿಟ್ಟರೆ ತಪ್ಪಿಸಿಕೊಳ್ಳಲಾಗುವುದಿಲ್ಲ, ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಅಂಚೆಗೆ ಹಾಕುವುದು: ಮಾರ್ಚ್ ೪, ಮಂಗಳವಾರ.